ಕೊನೆಯ ಲಾಂಚ್ ತಪ್ಪಬಾರದು

ಸಾಗರದಿಂದ ಸಿಗಂದೂರಿನ ದಾರಿ ಹಿಡಿದು ಸುಮಾರು 30 ಕಿಲೋಮೀಟರ್ ಸಾಗಿದರೆ ಅಂಬಾರಗೋಡ್ಲು. 2025ರ ಮಳೆಗಾಲದವರೆಗೂ ರಸ್ತೆ ಅಲ್ಲಿಗೆ ಮುಗಿಯುತ್ತಿತ್ತು. ಡಾಂಬರು ಇಳಿಜಾರಿನಲ್ಲಿ ನೇರವಾಗಿ ನೀರಿಗಿಳಿದು ಕಾಣೆಯಾಗುತ್ತಿತ್ತು. ಎದುರು ದಡ ಕಣ್ಣಿಗೆ ಕಾಣುತ್ತಿತ್ತು, ಕಾಲಿಗೆ ಸಿಗುತ್ತಿರಲಿಲ್ಲ. ನಡುವೆ ಸುಮಾರು ಎರಡು ಕಿಲೋಮೀಟರ್ ಅಗಲದ ಶರಾವತಿ ಹಿನ್ನೀರು. ಈ ಜಾಗಕ್ಕೆ ಹೊಳೆಬಾಗಿಲು ಎಂದು ಹೆಸರು. ಬಾಗಿಲೆಂದ ಮೇಲೆ ತೆರೆಯುವ ಹೊತ್ತು, ಮುಚ್ಚುವ ಹೊತ್ತು ಎರಡೂ ಇರಬೇಕಲ್ಲ? ಬೆಳಿಗ್ಗೆ ಮೊದಲ ಲಾಂಚ್ ಹೊರಟಾಗ ಈ ಬಾಗಿಲು ತೆರೆಯುತ್ತಿತ್ತು. ಸಂಜೆ ಕೊನೆಯ ಲಾಂಚ್ ದಡಕ್ಕೆ ಹಗ್ಗ ಕಟ್ಟಿಕೊಂಡಾಗ ಮುಚ್ಚುತ್ತಿತ್ತು.

2025ರ ಫೆಬ್ರುವರಿಯ ಒಂದು ಭಾನುವಾರ ಬೆಳಿಗ್ಗೆ ಈ ಬಾಗಿಲಿನ ಮುಂದೆ ಒಂದು ಬಾಡಿಗೆ ಜೀಪು ಬಂದು ನಿಂತಿತು. ಬೆಂಗಳೂರಿನಿಂದ ರಾತ್ರಿ ರೈಲಿನಲ್ಲಿ ಸಾಗರಕ್ಕೆ ಬಂದಿಳಿದ ಕುಟುಂಬ ಅದು. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ 73 ವರ್ಷದ ಹಿರಿಯರು, ಅವರ ಹೆಂಡತಿ, ಮಗ, ಸೊಸೆ, ಹತ್ತು ವರ್ಷದ ಮೊಮ್ಮಗ. ಆಚೆ ದಡದಲ್ಲಿ ಹಿರಿಯರ ಅಣ್ಣ ಇದ್ದಾರೆ, ಮೂಲ ಮನೆ ಇದೆ, ಒಂದಿಷ್ಟು ಅಡಿಕೆ ತೋಟವಿದೆ. ಬೆಳಿಗ್ಗೆ ಹೋಗಿ ಸಂಜೆ ವಾಪಸು ಬಂದು, ಅದೇ ರಾತ್ರಿಯ ರೈಲು ಹಿಡಿಯುವುದೆಂದು ತೀರ್ಮಾನ. ಹೀಗಾಗಿ ಹೊರಡುವಾಗಲೇ ಹಿರಿಯರು ಜೀಪಿನ ಚಾಲಕನಿಗೆ ಹೇಳಿದ್ದು ಒಂದೇ ಮಾತು: 'ಕೊನೆಯ ಲಾಂಚ್ ತಪ್ಪಬಾರದು.'

ನೋಡುವವರಿಗೆ ಇದು ರಜೆಯ ದಿನದ ವಿಹಾರ. ಆದರೆ ಬಂದ ಕೆಲಸ ಬೇರೆಯೇ ಇತ್ತು. ಅಣ್ಣನಿಗೆ 78 ವರ್ಷ. ಅವರ ಮಗ, ಸೊಸೆ ತೋಟ ನೋಡಿಕೊಂಡು ಜೊತೆಯಲ್ಲಿದ್ದಾರೆ. ಅವರ ಮೊಮ್ಮಗಳು ಆ ವರ್ಷ ಎಸ್ಸೆಸ್ಸೆಲ್ಸಿ. ಮುಂದೆ ಸಾಗರದಲ್ಲಿ ವಿಜ್ಞಾನ ಓದಬೇಕೆಂಬುದು ಹುಡುಗಿಯ ಆಸೆ. ಲಾಂಚನ್ನು ನಂಬಿಕೊಂಡು ದಿನವೂ ಕಾಲೇಜಿಗೆ ಹೋಗಿಬರುವುದು ಕಷ್ಟ. ಅವಳಿಗೆಂದು ಸಾಗರದಲ್ಲಿ ಮನೆ ಮಾಡಿದರೆ ತಾಯಿ ಅಲ್ಲಿಗೆ ಹೋಗಬೇಕು, ತಂದೆ ಎರಡೂ ಕಡೆ ಓಡಾಡಬೇಕು. ಮುದುಕರು ಒಬ್ಬರೇ ಉಳಿಯುತ್ತಾರೆ. ಅದರ ಬದಲು ತೋಟವನ್ನು ಚೇಣಿಗೆ ಕೊಟ್ಟು, ಮನೆಗೆ ಬೀಗ ಹಾಕಿ, ಎಲ್ಲರೂ ಸಾಗರಕ್ಕೆ ಬಂದುಬಿಡುವುದು ಮೇಲು. ಇದನ್ನು ಅಣ್ಣನಿಗೆ ಹೇಳಿ ಒಪ್ಪಿಸಬೇಕಿತ್ತು. ಫೋನಿನಲ್ಲಿ ಆಡುವ ಮಾತಲ್ಲವೆಂದು ತಮ್ಮ ಸಂಸಾರ ಸಮೇತ ಹೊರಟು ಬಂದಿದ್ದರು.

ಬಸ್ಸು ಹೊತ್ತ ದೋಣಿ

ಭಾನುವಾರವಾದ್ದರಿಂದ ಸಿಗಂದೂರಿನ ಚೌಡೇಶ್ವರಿ ದರ್ಶನಕ್ಕೆ ಹೊರಟ ವಾಹನಗಳ ಸಾಲು ಉದ್ದವಿತ್ತು. ಹತ್ತಿರದಲ್ಲೇ ಹೊಸ ಸೇತುವೆಯ ಕಂಬಗಳು ನೀರಿನಿಂದ ಎದ್ದು ನಿಂತಿದ್ದವು. ಕಾಮಗಾರಿ ಮುಗಿಯುವ ಹಂತಕ್ಕೆ ಬಂದಿತ್ತು. ಸಾಲಿನಲ್ಲಿ ನಿಂತವರೆಲ್ಲ ಅದರ ಕಡೆಗೇ ನೋಡುತ್ತ, ಯಾವಾಗ ಬಿಡುತ್ತಾರಂತೆ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು.

ಲಾಂಚ್ ಎಂದರೆ ಅಗಲವಾದ, ಚಪ್ಪಟೆ ತಳದ ಕಬ್ಬಿಣದ ದೋಣಿ. ಬಸ್ಸು, ಕಾರು, ಬೈಕುಗಳು ಮೊದಲು ಏರುತ್ತವೆ. ಉಳಿದ ಜಾಗದಲ್ಲಿ ಜನ. ಅಡಿಕೆ ಮೂಟೆ, ಗ್ಯಾಸ್ ಸಿಲಿಂಡರ್, ನೆಂಟರ ಮನೆಗೆ ಹೊರಟ ಮದುವೆ ದಿಬ್ಬಣ, ಎಲ್ಲವೂ ದಶಕಗಳ ಕಾಲ ಹೀಗೇ ದಾಟಿವೆ. ಬಸ್ಸಿನ ಮುಂದಿನ ಚಕ್ರ ಲಾಂಚಿಗೆ ತಗುಲಿದಾಗ ಹಲಗೆ ಗಡಗಡ ಎಂದಿತು. ಹುಡುಗ ಹೆದರಿ ಅಜ್ಜನ ಕೈ ಹಿಡಿದುಕೊಂಡ. 'ಇಷ್ಟು ಭಾರ ಹಾಕಿದರೆ ಮುಳುಗೋದಿಲ್ವಾ ತಾತ?'

ಮುಳುಗುವುದಿಲ್ಲ, ಕೊಂಚ ತಗ್ಗುತ್ತದೆ ಅಷ್ಟೆ. ತೇಲುವ ವಸ್ತು ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸುತ್ತದೆ ಎಂಬುದು ಆರ್ಕಿಮಿಡೀಸನ ಕಾಲದಿಂದ ಗೊತ್ತಿರುವ ಮಾತು. ಬಸ್ಸಿನ ತೂಕ 10 ಟನ್ ಎಂದಿಟ್ಟುಕೊಳ್ಳೋಣ. ಅದು ಏರಿದ ಮೇಲೆ ಲಾಂಚ್ ಇನ್ನೂ 10 ಟನ್, ಅಂದರೆ 10 ಘನ ಮೀಟರ್ ನೀರನ್ನು ಸರಿಸಬೇಕು. ಲಾಂಚಿನ ತಳ 100 ಚದರ ಮೀಟರ್ ಇದ್ದರೆ, ಅದು ನೀರಿನಲ್ಲಿ ಇನ್ನು 10 ಸೆಂಟಿಮೀಟರ್ ಇಳಿದರೆ ಸಾಕು. ಒಂದು ಗೇಣೂ ಇಲ್ಲ. ತಳ ಅಗಲವಾಗಿರುವುದರ ಗುಟ್ಟು ಇದು. ಹಾಗೆಯೇ, ತಳ ಚಪ್ಪಟೆಯಾಗಿರುವುದರಿಂದ ನೀರು ಕಡಿಮೆ ಇರುವ ದಡದವರೆಗೂ ಬಂದು ನಿಲ್ಲಬಹುದು. ಆದರೂ ಮಳೆ ಕೈಕೊಟ್ಟ ವರ್ಷಗಳ ಬೇಸಿಗೆಯಲ್ಲಿ ನೀರು ತೀರಾ ಇಳಿದು ವಾಹನಗಳನ್ನು ಹತ್ತಿಸುವುದೇ ನಿಂತುಹೋದದ್ದುಂಟು. ಆಗ ಬಸ್ಸು ಈಚೆಗೆ, ಜನ ಆಚೆಗೆ.

ಲಾಂಚ್ ನಡುನೀರಿಗೆ ಬಂದಾಗ ಅಲ್ಲಲ್ಲಿ ಕಪ್ಪಗಿನ ಬೊಡ್ಡೆಗಳು ನೀರಿನಿಂದ ತಲೆ ಎತ್ತಿದ್ದವು. ಅರವತ್ತು ವರ್ಷಗಳ ಹಿಂದೆ ಇಲ್ಲಿ ನಿಂತಿದ್ದ ಮರಗಳ ಗುರುತು. ಮರವನ್ನು ಕೊಳೆಸುವ ಶಿಲೀಂಧ್ರಗಳಿಗೆ ಗಾಳಿ ಬೇಕು. ನೀರಿನಡಿಯ ಕೆಸರಿನಲ್ಲಿ ಆಮ್ಲಜನಕ ಸಾಲದು. ಹಾಗಾಗಿ ಆಳದಲ್ಲಿರುವ ಗಟ್ಟಿ ಮರದ ಬುಡಗಳು ತಲೆಮಾರು ಕಳೆದರೂ ಉಳಿಯುತ್ತವೆ. ಹಿರಿಯರು ಹುಡುಗನಿಗೆ ಅವನ್ನು ತೋರಿಸಿ, 'ಇದೆಲ್ಲ ಕಾಡಾಗಿತ್ತು. ಕೆಳಗೆ ಗದ್ದೆ ಇತ್ತು' ಎಂದರು. ಹುಡುಗ ಬಗ್ಗಿ ನೋಡಿದ. ನೀರು ಮಾತ್ರ ಕಂಡಿತು.

1819 ಅಡಿಯ ಗೆರೆ

ಈ ನೀರು ಇಲ್ಲಿ ನಿಂತದ್ದು ಒಂದೇ ಸಲಕ್ಕಲ್ಲ. ಜೋಗದ ವಿದ್ಯುದಾಗಾರಕ್ಕೆ ನೀರು ಒದಗಿಸಲು ಶರಾವತಿಗೆ ಮೊದಲು ಕಟ್ಟಿದ್ದು ಹಿರೇಭಾಸ್ಕರ ಅಣೆಕಟ್ಟು. ಮಡೆನೂರು ಅಣೆಕಟ್ಟು ಎಂದೂ ಅದಕ್ಕೆ ಹೆಸರು. 1948ರಲ್ಲಿ ಅದು ಪೂರ್ಣಗೊಂಡಿತು. ತುಂಬಿದ ನೀರು ತಾನೇ ತಾನಾಗಿ ಹೊರಹೋಗುವಂತೆ ಸೈಫನ್‌ಗಳನ್ನು ಅಳವಡಿಸಿದ್ದ ಅಣೆಕಟ್ಟು ಅದು. ವಿದ್ಯುತ್ತಿನ ಬೇಡಿಕೆ ಹೆಚ್ಚಿದಾಗ ಅದರ ಕೆಳಗೆ ಲಿಂಗನಮಕ್ಕಿಯಲ್ಲಿ ಇನ್ನೂ ದೊಡ್ಡ ಅಣೆಕಟ್ಟು ಎದ್ದಿತು. 1964ರಲ್ಲಿ ನೀರು ನಿಲ್ಲಿಸಿದಾಗ ಹದಿನಾರು ವರ್ಷದ ಹಳೆಯ ಅಣೆಕಟ್ಟೇ ಮುಳುಗಿಹೋಯಿತು. ಈಗಲೂ ಬೇಸಿಗೆಯಲ್ಲಿ ಹಿನ್ನೀರು ತೀರಾ ಇಳಿದಾಗ ಅದರ ಗೋಡೆ ಹೊರಗೆ ಕಾಣಿಸಿಕೊಳ್ಳುತ್ತದೆ. ಮೊದಲ ಅಣೆಕಟ್ಟಿಗಾಗಿ ಎತ್ತರಕ್ಕೆ ಸರಿದವರಲ್ಲಿ ಕೆಲವರು ಎರಡನೆಯದಕ್ಕಾಗಿ ಮತ್ತೆ ಮನೆ ಬಿಟ್ಟರು.

ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ತುಂಬಿದಾಗ ಅದರ ಹರವು ಸುಮಾರು 300 ಚದರ ಕಿಲೋಮೀಟರ್. ಹಿಡಿಯುವ ನೀರು 150 ಟಿ.ಎಂ.ಸಿ.ಗೂ ಹೆಚ್ಚು. ಲೆಕ್ಕ ಹಾಕಿ ನೋಡಿದರೆ, ತುಂಬುವ ಹೊತ್ತಿನಲ್ಲಿ ಇಡೀ ಒಂದು ಟಿ.ಎಂ.ಸಿ. ನೀರು ಬಂದರೂ ಮಟ್ಟ ಏರುವುದು ನಾಲ್ಕು ಅಂಗುಲದಷ್ಟೂ ಇಲ್ಲ. ಅಷ್ಟು ವಿಶಾಲ ಇದು. ಬಯಲುಸೀಮೆಯ ಕೆರೆಯಂತೆ ಈ ನೀರು ಒಂದೆಡೆ ಗುಂಡಗೆ ನಿಂತಿಲ್ಲ. ಮಲೆನಾಡಿನ ನೆಲ ಕೈಬೆರಳುಗಳಂತೆ ಗುಡ್ಡ, ಕಣಿವೆ, ಗುಡ್ಡ, ಕಣಿವೆ. ಕಣಿವೆಗಳಿಗೆಲ್ಲ ನೀರು ನುಗ್ಗಿತು. ಗುಡ್ಡಗಳ ನೆತ್ತಿ ಉಳಿಯಿತು. ಗದ್ದೆ, ತೋಟ, ರಸ್ತೆ, ದೇವಸ್ಥಾನ ಇದ್ದದ್ದು ಕಣಿವೆಯಲ್ಲಿ. ಉಳಿದದ್ದು ಬೆಟ್ಟ.

ಕರೂರು, ಬಾರಂಗಿ ಹೋಬಳಿಗಳ ಹಳ್ಳಿಗಳು ಹೀಗೆ ತಾಲ್ಲೂಕು ಕೇಂದ್ರದಿಂದ ಕತ್ತರಿಸಿಹೋದವು. ಭೂಗೋಳದ ಪುಸ್ತಕ ಕೇಳಿದರೆ ಇದು ದ್ವೀಪವಲ್ಲ. ಒಂದು ಮಗ್ಗುಲಿಗೆ ಪಶ್ಚಿಮಘಟ್ಟದ ಕಾಡಿದೆ, ಕೋಗಾರಿನ ಕಡೆಯಿಂದ ಬಳಸಿ ಬರುವ ದಾರಿಯೂ ಇದೆ. ಆದರೆ 30-40 ಕಿಲೋಮೀಟರ್ ದೂರದ ಸಾಗರಕ್ಕೆ ಅದರ ಎರಡರಷ್ಟು ಸುತ್ತಿ ಕಾಡಿನ ದಾರಿಯಲ್ಲಿ ಹೋಗಬೇಕಾದವರಿಗೆ ಪುಸ್ತಕದ ವ್ಯಾಖ್ಯೆಯಿಂದ ಏನಾಗಬೇಕು? ಅಲ್ಲಿಯವರೂ ಹೊರಗಿನವರೂ ಈ ಪ್ರದೇಶವನ್ನು ದ್ವೀಪವೆಂದೇ ಕರೆದರು. ಶರಾವತಿ ಯೋಜನೆಯಲ್ಲಿ ನೌಕರರಾಗಿದ್ದು ಈ ಬದುಕನ್ನು ಹತ್ತಿರದಿಂದ ಕಂಡ ನಾ. ಡಿಸೋಜ ತಮ್ಮ ಕಾದಂಬರಿಗೆ 'ದ್ವೀಪ' ಎಂದೇ ಹೆಸರಿಟ್ಟರು. ಗಿರೀಶ ಕಾಸರವಳ್ಳಿಯವರು ಅದನ್ನು ಚಲನಚಿತ್ರ ಮಾಡಿದಾಗ ಅದಕ್ಕೆ ವರ್ಷದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು. ಡಿಸೋಜ ತೀರಿಕೊಂಡದ್ದು 2025ರ ಜನವರಿಯಲ್ಲಿ, ಈ ಕುಟುಂಬ ಲಾಂಚ್ ಏರುವುದಕ್ಕೆ ಕೆಲವೇ ವಾರ ಮೊದಲು.

ಹೊತ್ತು ತಂದ ಮನೆ

ಆಚೆ ದಡದ ಕಳಸವಳ್ಳಿಯಲ್ಲಿ ಅಣ್ಣನ ಮಗ ಕಾಯುತ್ತಿದ್ದರು. ಅಲ್ಲಿಂದ ಮನೆಗೆ ಜೀಪಿನಲ್ಲಿ ಅರ್ಧ ಗಂಟೆ. ಕೊನೆಯ ಒಂದು ಮೈಲಿ ಮಣ್ಣಿನ ದಾರಿ. ಅಂಗಳದಲ್ಲಿ ಅಡಿಕೆ ಒಣಗಲು ಹಾಕಿತ್ತು. ಹಿತ್ತಿಲಿನಲ್ಲಿ ಮಾವು ಹೂಬಿಟ್ಟಿತ್ತು. ಜಗುಲಿಯ ಮೇಲೆ ಕುಳಿತಿದ್ದ ಮುದುಕರು ಎದ್ದು ಬಂದು, ತಮ್ಮನನ್ನು ಬಿಟ್ಟು ಮೊದಲು ಹುಡುಗನ ತಲೆ ಸವರಿದರು. ಕೈಕಾಲು ತೊಳೆಯಲು ಬಚ್ಚಲ ಹಂಡೆಯಿಂದ ಬಿಸಿನೀರು ಬಂತು. ಅವಲಕ್ಕಿ, ಮೊಸರು, ಆಲೆಮನೆಯಿಂದ ಹೊಸದಾಗಿ ತಂದ ಜೋನಿಬೆಲ್ಲ ಬಂತು.

ಹೊರಗಿನಿಂದ ನೋಡಿದರೆ ಮಲೆನಾಡಿನ ಎಲ್ಲ ಮನೆಗಳಂತೆಯೇ ಇದೂ. ಕೆಂಪು ಹೆಂಚು, ತಗ್ಗಿದ ಮಾಡು, ಉದ್ದ ಜಗುಲಿ. ಆದರೆ ಕಂಬಗಳನ್ನು ಹತ್ತಿರದಿಂದ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಪ್ರತಿಯೊಂದು ಕಂಬದ ಮೇಲೂ ಸುಣ್ಣದಿಂದ ಬರೆದಿದ್ದ ಅಂಕಿಗಳ ಮಸುಕು ಗುರುತು. ಬಾಗಿಲ ಚೌಕಟ್ಟಿನ ಒಳಮೈಯಲ್ಲೂ ಹಾಗೆಯೇ. ಈ ಮನೆ ಇಲ್ಲಿ ಹುಟ್ಟಿದ್ದಲ್ಲ. ಕೆಳಗಿನ ಕಣಿವೆಯಲ್ಲಿದ್ದ ಮನೆಯನ್ನು ಕಳಚಿ, ಯಾವ ಕಂಬ ಎಲ್ಲಿಯದೆಂದು ಗುರುತು ಹಾಕಿ, ಎತ್ತಿನ ಗಾಡಿಯಲ್ಲೂ ಹೆಗಲ ಮೇಲೂ ಹೊತ್ತು ತಂದು ಗುಡ್ಡದ ಮೇಲೆ ಮತ್ತೆ ನಿಲ್ಲಿಸಿದ್ದು. ಆಗ ಅಣ್ಣನಿಗೆ 17, ತಮ್ಮನಿಗೆ 12. ಅಳತೆಯವರು ಬಂದು ಕಲ್ಲು ನೆಟ್ಟಾಗ ಹಳೆಯ ಮನೆ ಗೆರೆಯ ಕೆಳಗೆ ಬಿತ್ತು. ಗೆರೆಯ ಮೇಲಿದ್ದದ್ದು ಸೊಪ್ಪಿನಬೆಟ್ಟ ಮತ್ತು ಸ್ವಲ್ಪ ಜಾಗ. ಸುತ್ತಲಿನ ಅನೇಕರು ಪರಿಹಾರ ತೆಗೆದುಕೊಂಡು ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳ ಕಾಡಂಚಿಗೆ ಹೋದರು. ಇವರ ತಂದೆ ಹೋಗಲಿಲ್ಲ. ಇದ್ದ ಬೆಟ್ಟದಲ್ಲೇ ಅಗೆದು, ಅಬ್ಬಿಯ ನೀರು ತಿರುಗಿಸಿ, ಹೊಸದಾಗಿ ಅಡಿಕೆ ಸಸಿ ನೆಟ್ಟರು. ಅಡಿಕೆ ಫಲ ಕೊಡಲು ವರ್ಷಗಳೇ ಬೇಕು. ಅಲ್ಲಿಯವರೆಗಿನ ಬದುಕು ಹೇಗೆ ನಡೆಯಿತೆಂಬುದನ್ನು ಇಬ್ಬರು ಅಣ್ಣತಮ್ಮಂದಿರೂ ಮಕ್ಕಳ ಮುಂದೆ ಹೆಚ್ಚು ಹೇಳುವುದಿಲ್ಲ.

ಊಟಕ್ಕೆ ಮುಂಚೆ ಮುದುಕರು ಹುಡುಗನನ್ನು ಕರೆದುಕೊಂಡು ತೋಟದ ಅಂಚಿನವರೆಗೆ ಇಳಿದರು. ಜೊತೆಗೆ ಎಸ್ಸೆಸ್ಸೆಲ್ಸಿಯ ಹುಡುಗಿಯೂ ಹೋದಳು. ಅಲ್ಲಿಂದ ಕೆಳಗೆ ನೀರು. ಕೋಲಿನಿಂದ ಒಂದು ಕಡೆ ತೋರಿಸಿ ಮುದುಕರು, 'ಅಲ್ಲಿ ಬಾವಿ ಇತ್ತು. ಅದರ ಪಕ್ಕ ತುಳಸಿಕಟ್ಟೆ. ನೀರು ಪೂರ್ತಿ ಇಳಿದ ವರ್ಷ ಮೆಟ್ಟಿಲು ಕಾಣ್ತದೆ' ಎಂದರು. 

'ಈ ನೀರೆಲ್ಲ ಏನು ಮಾಡ್ತಾರೆ?' ಎಂದು ಹುಡುಗ ಕೇಳಿದ.

ಉತ್ತರ ಕೊಟ್ಟವಳು ಹುಡುಗಿ. ಇಲ್ಲಿಂದ ನೀರು ತಳಕಳಲೆಯ ಜಲಾಶಯಕ್ಕೆ ಹೋಗುತ್ತದೆ, ಅಲ್ಲಿಂದ ದೊಡ್ಡ ಕೊಳವೆಗಳಲ್ಲಿ 400 ಮೀಟರಿಗೂ ಹೆಚ್ಚು ಕೆಳಕ್ಕೆ ಧುಮುಕಿ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳನ್ನು ತಿರುಗಿಸುತ್ತದೆ. ಎಲ್ಲ ಸೇರಿ 1035 ಮೆಗಾವಾಟ್. ಒಂದು ಘನ ಮೀಟರ್ ನೀರು, ಅಂದರೆ ಸಾವಿರ ಲೀಟರ್, ಅಷ್ಟು ಎತ್ತರದಿಂದ ಬಿದ್ದರೆ ಸರಿಸುಮಾರು ಒಂದು ಯೂನಿಟ್ ಕರೆಂಟು. 'ನಿಮ್ಮ ಬೆಂಗಳೂರಿನ ಮನೇಲಿ ತಿಂಗಳಿಗೆ ಇನ್ನೂರು ಯೂನಿಟ್ ಬಿಲ್ ಬಂದ್ರೆ, ಈ ನೀರೇ ಆದ್ರೆ ಇನ್ನೂರು ಘನ ಮೀಟರ್ ಬೇಕು' ಎಂದು ಅವಳು ಬಾಯಲ್ಲೇ ಲೆಕ್ಕ ಹೇಳಿದಳು. ಹುಡುಗ ಬಾಯಿ ಬಿಟ್ಟು ನೋಡಿದ. ಮುದುಕರು ಏನೂ ಹೇಳಲಿಲ್ಲ. ಆದರೆ ಮೊಮ್ಮಗಳು ಲೆಕ್ಕ ಹೇಳುವಾಗ ಅವರ ಮುಖದಲ್ಲಿ ಮೂಡಿದ್ದನ್ನು ತೋಟದ ಮೇಲಿನ ದರೆಯಲ್ಲಿ ನಿಂತಿದ್ದ ತಮ್ಮ ಗಮನಿಸಿದರು. ನಾಡಿಗೆಲ್ಲ ಬೆಳಕು ಕೊಟ್ಟ ನೀರಿನ ದಡದ ಇದೇ ಮನೆಯಲ್ಲಿ ಅವರಿಬ್ಬರೂ ಓದಿದ್ದು ಚಿಮಣಿ ಬುಡ್ಡಿಯ ಬೆಳಕಿನಲ್ಲಿ.

ಆ ರಾತ್ರಿ

ಊಟವಾಯಿತು. ತಂಬುಳಿ, ಪಲ್ಯ, ಹಪ್ಪಳ, ಪಾಯಸ. ಗಂಡಸರು ಜಗುಲಿಗೆ ಬಂದು ಕವಳ ಹಾಕಿದರು. ಬಂದ ವಿಷಯವನ್ನು ತಮ್ಮ ಹೇಗೆ ಎತ್ತುವುದೆಂದು ಯೋಚಿಸುತ್ತಿದ್ದರೆ ಅಣ್ಣನೇ ಶುರು ಮಾಡಿದರು.

'ನೀನು ಎಂತಕ್ಕೆ ಬಂದಿದ್ದೀ ಅಂತ ಗೊತ್ತು ಮಾರಾಯ. ಹೇಳು.'

ತಮ್ಮ ಹೇಳಿದರು. ಹುಡುಗಿಯ ಓದು, ಸೊಸೆಯ ಪಾಡು, ಕೊನೆ ಕೊಯ್ಯಲು ಆಳು ಸಿಗದ ಕಷ್ಟ, ಅಣ್ಣನ ವಯಸ್ಸು. ಕೊನೆಗೆ ಇಷ್ಟು ವರ್ಷ ಇಬ್ಬರೂ ಎತ್ತದ ಮಾತನ್ನೂ ಎತ್ತಿದರು: 'ಅಣ್ಣ, ಅಮ್ಮನಿಗೆ ಆದಹಾಗೆ ನಿನಗೆ ಆಗಬಾರದು.'

1991ರ ಜುಲೈ. ಗಾಳಿ ಮಳೆ ಬಿಡದೆ ಹೊಡೆಯುತ್ತಿದ್ದ ದಿನಗಳು. ರಾತ್ರಿ ಊಟ ಮುಗಿಸಿ ಮಲಗಿದ ತಾಯಿಗೆ ಎದೆನೋವು ಕಾಣಿಸಿಕೊಂಡಿತು. ಪಕ್ಕದೂರಿನ ಜೀಪು ತರಿಸಿ ದಡಕ್ಕೆ ಬರುವಾಗ ಹನ್ನೊಂದು ಗಂಟೆ. ಲಾಂಚ್ ನಿಂತು ಎಷ್ಟೋ ಹೊತ್ತಾಗಿತ್ತು. ದೋಣಿ ನಡೆಸುವವರನ್ನು ಎಬ್ಬಿಸಿದರು. ಅವರು ನೀರನ್ನು ನೋಡಿ ತಲೆ ಅಲ್ಲಾಡಿಸಿದರು. ಅಗಲವಾದ ಬಯಲು ನೀರಿನ ಮೇಲೆ ಗಾಳಿ ತಡೆಯಿಲ್ಲದೆ ಬೀಸಿದರೆ ಅಲೆಗಳು ಬೆಳೆಯುತ್ತ ಹೋಗುತ್ತವೆ. ಸಣ್ಣ ದೋಣಿ ಮಗುಚಲು ಅಷ್ಟು ಸಾಕು. ಕಾಡಿನ ದಾರಿಯಲ್ಲಿ ಬಳಸಿ ಹೋಗೋಣವೆಂದರೆ ಮರ ಬಿದ್ದಿದೆ ಎಂಬ ಸುದ್ದಿ. ಜೀಪಿನೊಳಗೆ ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಣ್ಣ ಬೆಳಗಾಗುವುದನ್ನು ಕಾದರು. ಮಳೆ ಸ್ವಲ್ಪ ಕಡಿಮೆಯಾದಾಗಲೆಲ್ಲ ಆಚೆ ದಡದ ಒಂದು ದೀಪ ಕಾಣುತ್ತಿತ್ತು. ಮೊದಲ ಲಾಂಚ್ ಹೊರಡುವ ಹೊತ್ತಿಗೆ ತಾಯಿ ಇರಲಿಲ್ಲ. ಬೆಂಗಳೂರಿನಿಂದ ತಮ್ಮ ಬಂದು ಅದೇ ದಡದಲ್ಲಿ ಇಳಿದದ್ದು ಮರುದಿನ.

ಈ ಕಥೆ ಈ ಮನೆಯೊಂದರದೇ ಅಲ್ಲ. ಹೆರಿಗೆ ನೋವಿನವರು, ಹಾವು ಕಚ್ಚಿದವರು, ಎದೆನೋವಿನವರು ನೀರಿನ ಮುಂದೆ ಕಾದು ಕುಳಿತ ಕಥೆ ಹಿನ್ನೀರಿನ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಸೇತುವೆ ಬೇಕೆಂದು ಇಲ್ಲಿಯ ಜನ ವರ್ಷವರ್ಷವೂ ಕೂಗಿದ್ದು ಪ್ರವಾಸಿಗರಿಗೆ ಅನುಕೂಲವಾಗಲೆಂದಲ್ಲ.

ಅಣ್ಣ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: 'ಅಮ್ಮನ್ನ ನಾನೇ ಹಿಡಕೊಂಡು ಕೂತವ. ಮರೆತಿಲ್ಲ. ಆದ್ರೆ ಅಪ್ಪಯ್ಯ ಒಂದು ಸಲ ಈ ಮನೆ ಕಿತ್ತು ತಂದು ಕಟ್ಟಿದ. ಮತ್ತೊಂದು ಸಲ ಕಿತ್ತರೆ ಎಲ್ಲಿಗೆ ತಗಂಡು ಹೋಗೋದು? ಕಂಬ ಏನೋ ಬರ್ತದೆ. ತೋಟ ಬರ್ತದನಾ?'

'ಹುಡುಗಿ ಓದು?' ಎಂದರು ತಮ್ಮ.

'ಓದಲಿ. ಬೇಡ ಅಂದವ ಯಾರು? ಸೇತುವೆ ಆಗ್ತದೆ.'

'ಆಗ್ತದೆ ಆಗ್ತದೆ ಅಂತ ಎಷ್ಟು ವರ್ಷ ಕಾಯೋದು ಅಣ್ಣ?'

'ಅರವತ್ತು ವರ್ಷ ಕಾದಾಗಿದೆ. ಇನ್ನು ಆರು ತಿಂಗಳಿಗೆ ಎಂತ ಅವಸರ?'

ಒಳಗೆ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದ ಹುಡುಗಿ ಹೊರಗೆ ಬಂದಳು. ಅಜ್ಜನ ಪರವೂ ಹೇಳಲಿಲ್ಲ, ಚಿಕ್ಕಜ್ಜನ ಪರವೂ ಹೇಳಲಿಲ್ಲ. ಸೇತುವೆ ಬಿಡುವವರೆಗೆ ಸಾಗರದಲ್ಲಿ ಅತ್ತೆಯ ಮನೆಯಲ್ಲಿದ್ದು ಓದುತ್ತೇನೆ, ಬಿಟ್ಟ ಮೇಲೆ ಮನೆಯಿಂದಲೇ ಹೋಗಿಬರುತ್ತೇನೆ, ಅಮ್ಮ ಎಲ್ಲಿಗೂ ಬರುವುದು ಬೇಡ ಎಂದಳು. ಅಲ್ಲಿಯವರೆಗೆ ಅವಳನ್ನು ಯಾರೂ ಕೇಳಿರಲೇ ಇಲ್ಲ. ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. 'ಹಾಗೇ ಆಗಲಿ. ದೀಪಾವಳಿಯೊಳಗೆ ಸೇತುವೆ ಬಿಡದಿದ್ದರೆ ಮಾತ್ರ ನಾನು ಹೇಳಿದಂತೆ' ಎಂದು ತಮ್ಮ ಷರತ್ತು ಹಾಕಿದರು. ಅಣ್ಣ ಹೂಂ ಅಂದರು.

ಆ ಹೊತ್ತಿಗೆ ಜೀಪಿನ ಚಾಲಕ ಅಂಗಳದಿಂದ ಕೂಗಿದ: 'ಹೊರಡನಾ? ಲಾಂಚ್ ತಪ್ಪಿದರೆ ಕಷ್ಟ.'

ಮಾತು ಅಲ್ಲಿಗೇ ನಿಂತಿತು. ಹಾಗೆ ನಿಲ್ಲುವುದು ಈ ಕಡೆಯ ಮನೆಗಳಲ್ಲಿ ರೂಢಿ. ಮದುವೆ ಮಾತುಕತೆ, ಪಾಲುಪಟ್ಟಿ, ಜಗಳ, ರಾಜಿ, ಏನೇ ಇರಲಿ, ನೆಂಟರು ಕೊನೆಯ ಲಾಂಚಿಗೆ ಏಳಲೇಬೇಕು. ಚೀಲಕ್ಕೆ ಬಾಳೆಕಾಯಿ, ಮಜ್ಜಿಗೆ ಮೆಣಸು, ಜೋನಿಬೆಲ್ಲದ ಡಬ್ಬಿ ಬಿದ್ದವು. ಅಣ್ಣ ದಣಪೆಯವರೆಗೆ ಬಂದು ನಿಂತರು. 'ಮಳೆಗಾಲ ಕಳೆದ ಮೇಲೆ ಬಾ. ಒಂದು ರಾತ್ರಿ ಉಳಿಯೋ ಹಾಗೆ ಬಾ' ಎಂದರು. ದಡ ಸೇರಿದಾಗ ಲಾಂಚಿನಲ್ಲಿ ಒಂದೇ ಜೀಪಿಗೆ ಜಾಗ ಉಳಿದಿತ್ತು. ಸೂರ್ಯ ಇಳಿಯುತ್ತಿದ್ದ. ಸೇತುವೆಯ ಕಂಬಗಳ ನೆರಳು ನೀರಿನ ಮೇಲೆ ಉದ್ದಕ್ಕೆ ಬಿದ್ದಿತ್ತು.

ಬಾಗಿಲಿಗೆ ಬೀಗವಿಲ್ಲ

ಸೇತುವೆಗೆ ಶಂಕುಸ್ಥಾಪನೆ ಆದದ್ದು 2018ರ ಫೆಬ್ರುವರಿಯಲ್ಲಿ. 2025ರ ಜುಲೈ 14ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಅದನ್ನು ಉದ್ಘಾಟಿಸಿದರು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಉದ್ದ 2.44 ಕಿಲೋಮೀಟರ್, ಅಗಲ 16 ಮೀಟರ್, ವೆಚ್ಚ ಸುಮಾರು 470 ಕೋಟಿ ರೂಪಾಯಿ. ನೀರು ಆಳವಿರುವ ನಡುಭಾಗದಲ್ಲಿ ಕಂಬಗಳ ಸಂಖ್ಯೆ ಕಡಿಮೆ ಮಾಡಲು ಉಕ್ಕಿನ ಕೇಬಲ್‌ಗಳನ್ನು ಎತ್ತರದ ಗೋಪುರಗಳಿಂದ ಎಳೆದು ಕಟ್ಟಲಾಗಿದೆ. ಬಟ್ಟೆ ಒಣಹಾಕುವ ಗಳುವನ್ನು ಮೇಲಿನಿಂದ ಹಗ್ಗ ಕಟ್ಟಿ ಎತ್ತಿ ಹಿಡಿದರೆ ನಡುವೆ ಬಾಗುವುದಿಲ್ಲವಲ್ಲ, ತತ್ತ್ವ ಅದೇ. ಲಿಂಗನಮಕ್ಕಿಯಲ್ಲಿ ನೀರು ನಿಂತು ಆಗ ಅರವತ್ತೊಂದು ವರ್ಷ. ಲಾಂಚಿಗೆ ಕಾಯುವುದು, ಹತ್ತುವುದು, ದಾಟುವುದು ಸೇರಿ ಭಾನುವಾರಗಳಂದು ಗಂಟೆಗಟ್ಟಲೆ ಹಿಡಿಯುತ್ತಿದ್ದ ದೂರವನ್ನು ಈಗ ವಾಹನಗಳು ನಾಲ್ಕೈದು ನಿಮಿಷದಲ್ಲಿ ದಾಟುತ್ತವೆ.

ಹುಡುಗಿ ಜೂನಿನಲ್ಲೇ ಸಾಗರದ ಕಾಲೇಜು ಸೇರಿದ್ದಳು. ಸೇತುವೆ ಬಿಟ್ಟ ಎರಡು ವಾರಕ್ಕೆ ಅತ್ತೆಯ ಮನೆಯಿಂದ ಹಾಸಿಗೆ, ಪುಸ್ತಕ ಕಟ್ಟಿಕೊಂಡು ಮನೆಗೆ ಬಂದಳು. ಬೆಳಿಗ್ಗೆ ಬೇಗ ಎದ್ದು ಬಸ್ಸಿಗೆ ಹೋಗುತ್ತಾಳೆ, ಸಂಜೆ ಕತ್ತಲಾಗುವಾಗ ಬರುತ್ತಾಳೆ. ದೂರ ದೂರವೇ, ದಣಿವೂ ಇದೆ. ಆದರೆ ತಡವಾದರೆ ದಡದಲ್ಲಿ ಉಳಿಯಬೇಕೆಂಬ ಭಯವಿಲ್ಲ.

ದೀಪಾವಳಿಗೆ ಬೆಂಗಳೂರಿನವರು ಮತ್ತೆ ಬಂದರು. ಈ ಸಲ ರಾತ್ರಿ ಎಂಟು ಗಂಟೆಗೆ ಸೇತುವೆ ದಾಟಿದರು. ಹುಡುಗನಿಗೆ ಮಾತ್ರ ಸ್ವಲ್ಪ ಬೇಸರ. ಅವನು ಶಾಲೆಯಲ್ಲಿ ಲಾಂಚಿನ ಬಗ್ಗೆ ಎಲ್ಲರಿಗೂ ಹೇಳಿಕೊಂಡಿದ್ದ. ಆಚೆ ತುದಿ ಬಂದಾಗ ಹಿರಿಯರು ಕಾರು ನಿಧಾನ ಮಾಡಿಸಿ, ಎಡಕ್ಕೂ ಬಲಕ್ಕೂ ನೋಡಿದರು. 1991ರಲ್ಲಿ ಜೀಪು ನಿಂತಿದ್ದ ಜಾಗ ಅಲ್ಲೇ ಎಲ್ಲೋ ಇರಬೇಕು. ಕತ್ತಲಲ್ಲಿ ಗುರುತು ಸಿಗಲಿಲ್ಲ. ಏನೂ ಹೇಳದೆ ಮುಂದೆ ಹೋಗಲು ಕೈ ಮಾಡಿದರು.

ಸೇತುವೆಯಿಂದ ಎಲ್ಲವೂ ಸರಿಹೋಯಿತೆಂದು ಹೇಳುವಂತಿಲ್ಲ. ಆಗ ಕಾಡಂಚಿಗೆ ಹೋದವರಲ್ಲಿ ಅನೇಕರ ಮಕ್ಕಳು, ಮೊಮ್ಮಕ್ಕಳು ಉಳುತ್ತಿರುವ ಭೂಮಿಯ ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಕಚೇರಿ ಅಲೆದಿದ್ದಾರೆ. ಅವರಿಗೆ ಸಲ್ಲಬೇಕಾದದ್ದನ್ನು ಸೇತುವೆ ಸಲ್ಲಿಸುವುದಿಲ್ಲ. ಹಳ್ಳಿಗಳಿಂದ ಪಟ್ಟಣಕ್ಕೆ ಹೋಗುವುದು ಸುಲಭವಾದಂತೆ, ಹೋದವರು ಮರಳಿ ಬರುವುದೂ ಸುಲಭವಾಗುತ್ತದೆಯೋ ಇಲ್ಲವೋ ಎಂಬುದನ್ನು ಮುಂದಿನ ವರ್ಷಗಳು ಹೇಳಬೇಕು. ಈ ಒಂದು ಮನೆಯ ಮಟ್ಟಿಗಂತೂ ಬೀಗ ಬೀಳುವುದು ತಪ್ಪಿತು.

ಆ ರಾತ್ರಿ ಊಟವಾದ ಮೇಲೆ ಅಣ್ಣತಮ್ಮಂದಿರು ಜಗುಲಿಯಲ್ಲಿ ಕುಳಿತು ಬಹಳ ಹೊತ್ತು ಮಾತಾಡಿದರು. ಹಳೆಯ ಮನೆಯ ಬಾವಿ, ಅಪ್ಪಯ್ಯನ ಸಿಟ್ಟು, ಅಮ್ಮನ ಕೈರುಚಿ, ಗದ್ದೆಯ ಅಂಚಿನಲ್ಲಿ ಹಿಡಿದ ಏಡಿ. ಫೆಬ್ರುವರಿಯಲ್ಲಿ ಅರ್ಧಕ್ಕೆ ನಿಂತಿದ್ದ ಮಾತು ಅದೊಂದೇ ಅಲ್ಲ, ಅರವತ್ತು ವರ್ಷಗಳಲ್ಲಿ ಅರ್ಧಕ್ಕೆ ನಿಂತ ಮಾತು ಬಹಳ ಇತ್ತು. ನಡುವೆ ಒಮ್ಮೆ ತಮ್ಮ ಅಭ್ಯಾಸಬಲದಿಂದ ಕೈಗಡಿಯಾರ ನೋಡಿಕೊಂಡರು. ಅಣ್ಣ ನಕ್ಕರು.

'ಕೂತ್ಕೋ ಮಾರಾಯ. ಯಾವ ಲಾಂಚೂ ಇಲ್ಲ.'